ಕೌಳಿಕಾಯಿ ಅಂಟಿದ ಕೈ

ನನ್ನ ಫೋನಿಗೆ ನಾನು ಯಾರು ಅಂತ ಗೊತ್ತಾಗುತ್ತಿಲ್ಲ. ಹೆಬ್ಬೆರಳು ಒತ್ತಿದರೆ ಗುರ್ರ್ ಅನ್ನುತ್ತದೆ. ತೋರುಬೆರಳು ಕೊಟ್ಟರೂ ಗುರ್ರ್. ಎಡಗೈ ಬೆರಳುಗಳಿಗೂ ಅದೇ ಮರ್ಯಾದೆ. ಹತ್ತೂ ಬೆರಳಿನ ತುದಿಯಲ್ಲಿ ಕೌಳಿಕಾಯಿ, ಅಂದರೆ ಮುಳ್ಳುಪೊದೆಯಲ್ಲಿ ಬಿಡುವ ಒಂದು ಹುಳಿ ಕಾಯಿ, ಅದರ ಸೊನೆ ಒಣಗಿ ಕಪ್ಪಗೆ ಕೂತಿದೆ. ಸೋಪಿಗೆ ಜಗ್ಗಲ್ಲ, ಪಾತ್ರೆ ತೊಳೆಯುವ ಲಿಕ್ವಿಡ್‌ಗೂ ಜಗ್ಗಲ್ಲ. ಹಿಮ್ಮಡಿ ಉಜ್ಜುವ ಕಲ್ಲಿಗೆ ಸ್ವಲ್ಪ ಜಗ್ಗಿತು. ಆದರೆ ಅದರಲ್ಲಿ ಹೋಗಿದ್ದು ಸೊನೆಯೋ ನನ್ನ ಬೆರಳಿನ ಗೆರೆಯೋ ಅಂತ ಅನುಮಾನ. ಇವತ್ತು ಆಫೀಸಿನ ಹಾಜರಿ ಮಿಷನ್ನೂ ಕೈ ಎತ್ತಿಬಿಟ್ಟಿತು. "ಗುರುತು ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ" ಅಂತ ಎಲ್ಲರ ಎದುರು ಕೂಗಿ ಹೇಳಿತು. ಹಿಂದೆ ಸಾಲು ನಿಂತಿದ್ದವರ ಮುಖ ನೋಡಬೇಕಿತ್ತು.

ಮಲೆನಾಡು ಬಿಟ್ಟು ಬೆಂಗಳೂರು ಸೇರಿದವರಿಗೆ ಇದರ ಹಿಂದಿನ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಸಾಗರದ ಕಡೆ ಇರುವ ನಮ್ಮ ದೊಡ್ಡಮ್ಮನಿಗೆ ಏಪ್ರಿಲ್ ಮುಗಿಯುತ್ತಿದ್ದ ಹಾಗೆ ಒಂದು ಹುರುಪು ಬರುತ್ತದೆ. ಕೇಳಿ ಕಳಿಸುವ ಅಭ್ಯಾಸ ಇಲ್ಲ. ರಾತ್ರಿ ಬಸ್ಸಿಗೆ ಚೀಲ ಹಾಕಿಸಿ, ಬಸ್ಸು ಊರು ದಾಟಿದ ಮೇಲೆ ಫೋನ್ ಮಾಡುತ್ತಾಳೆ. "ಸ್ವಲ್ಪ ಕೌಳಿಕಾಯಿ ಕಳಿಸಿದೀನಿ ಕಣೆ. ಡ್ರೈವರ್ ನಂಬರ್ ಬರ್ಕೊ." ಸ್ವಲ್ಪ ಅಂದರೆ ಅಕ್ಕಿ ಚೀಲದ ಅರ್ಧ. ಬೆಳಗಿನ ಜಾವ ನಾಲ್ಕೂವರೆಗೆ ಕ್ಲೀನರ್ ಫೋನ್. "ಮೇಡಂ, ಗೊರಗುಂಟೆಪಾಳ್ಯ ಬಂತು. ಎಲ್ಲಿದೀರಾ?" ಎಲ್ಲಿರ್ತೀನಪ್ಪಾ, ಹಾಸಿಗೆಯಲ್ಲಿ! "ಎರಡು ನಿಮಿಷ ನಿಲ್ಲಿಸ್ತೀನಿ, ಬಂದ್ಬಿಡಿ" ಅನ್ನುತ್ತಾನೆ, ನಾನು ಅಲ್ಲೇ ಫ್ಲೈಓವರ್ ಕೆಳಗೆ ಮಲಗಿದ್ದೇನೆ ಅನ್ನೋ ಹಾಗೆ.

ಹೋಗದೇ ಇದ್ದರೆ ಚೀಲ ಮೆಜೆಸ್ಟಿಕ್ಕಿಗೆ ಹೋಗುತ್ತದೆ. ಅಲ್ಲಿಂದ ಬಿಡಿಸಿಕೊಂಡು ಬರುವುದು ಇನ್ನೊಂದು ಪುರಾಣ. ಹಾಗಾಗಿ ಹೋಗುತ್ತೇವೆ. ಎಲ್ಲರೂ ಹೋಗುತ್ತೇವೆ. ಆ ಹೊತ್ತಿಗೆ ಅಲ್ಲಿ ನೈಟ್ ಪ್ಯಾಂಟಿನಲ್ಲಿ ಆಕಳಿಸುತ್ತಾ ನಿಂತವರ ಮುಖ ನೋಡಿದರೆ ಸಾಕು, ಯಾರಿಗೆ ಹಲಸು ಬಂದಿದೆ, ಯಾರಿಗೆ ಬಾಳೆಗೊನೆ ಬಂದಿದೆ ಅಂತ ಹೇಳಬಹುದು.

ಬಂದ ಮೇಲೆ ಅವತ್ತೇ ಕೂರಬೇಕು. ಕಾಯಿ ಕಾಯುವುದಿಲ್ಲ. ಎರಡು ದಿನ ಬಿಟ್ಟರೆ ಹಸಿರು ಹೋಗಿ ಗುಲಾಬಿ, ಆಮೇಲೆ ಕಪ್ಪು. ಹಣ್ಣಾದರೆ ಸುಮ್ನೆ ಬಾಯಿಗೆ ಹಾಕಿಕೊಳ್ಳುವುದಕ್ಕೆ ಚೆನ್ನ, ಉಪ್ಪಿನಕಾಯಿಗೆ ಬರುವುದಿಲ್ಲ. ದೊಡ್ಡಮ್ಮ ಕಳಿಸುವುದು ಉಪ್ಪಿನಕಾಯಿಗೆ. ಹಾಕಿದ್ದೇನೋ ಇಲ್ಲವೋ ಅಂತ ವಿಚಾರಿಸಲು ಸಂಜೆ ಮತ್ತೆ ಫೋನ್ ಮಾಡುತ್ತಾಳೆ. ಈಗ ವಿಡಿಯೋ ಕಾಲ್ ಬೇರೆ ಕಲಿತಿದ್ದಾಳೆ. ತಪ್ಪಿಸಿಕೊಳ್ಳುವ ಹಾಗಿಲ್ಲ.

ಕಾಯಿ ನೋಡಲು ಪಾಪದ್ದು. ಗೋಲಿಯಷ್ಟು ದಪ್ಪ, ನುಣುಪು. ಕತ್ತಿ ತಾಗಿಸಿದ ಕೂಡಲೇ ತೊಟ್ಟಿನಿಂದ ಬಿಳಿ ಹಾಲು ಉಕ್ಕುತ್ತದೆ. ಕತ್ತಿಗೆ ಅಂಟುತ್ತದೆ, ಮಣೆಗೆ ಅಂಟುತ್ತದೆ, ಬೆರಳಿಗೆ ಬೆರಳು ಅಂಟುತ್ತದೆ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡೇ ಕೂರಬೇಕು, ಹೆಚ್ಚಿದ್ದನ್ನು ಆಗಿಂದಾಗ ಉಪ್ಪು ನೀರಿಗೆ ಬಿಡಬೇಕು. ನಾನು ಎರಡನ್ನೂ ಮಾಡಿದ್ದೆ. ಮೊಣಕೈವರೆಗೆ ಎಣ್ಣೆ ಬಳಿದುಕೊಂಡು, ಕಾಲು ಚಾಚಿ, ಅಡುಗೆಮನೆ ನೆಲದ ಮೇಲೆ ಪೇಪರ್ ಹಾಸಿ ಕೂತಿದ್ದೆ. ಅರ್ಧ ಚೀಲ ಮುಗಿಯುವಷ್ಟರಲ್ಲಿ ಎಣ್ಣೆ ಎಲ್ಲಾ ಪೇಪರ್ ಪಾಲಾಗಿ ಸೊನೆ ಮಾತ್ರ ಕೈಯಲ್ಲಿ ಉಳಿದಿತ್ತು. ಆಗಲೇ ಗ್ಯಾಸ್ ಸಿಲಿಂಡರ್ ಬಂತು.

ಮೊದಲೆಲ್ಲ ಗ್ಯಾಸಿನವನು ಬಂದರೆ ಬೆಲ್ ಮಾಡುತ್ತಿದ್ದ, ಬಾಗಿಲು ತೆಗೆಯುತ್ತಿದ್ದೆವು. ಈಗ ನಮ್ಮ ಅಪಾರ್ಟ್‌ಮೆಂಟಿಗೆ ಆ್ಯಪ್ ಬಂದಿದೆ. ಗೇಟಿನಲ್ಲಿ ಯಾರೇ ಬಂದರೂ ಫೋನ್ ಬಡಿದುಕೊಳ್ಳುತ್ತದೆ. ನಾನು ಹಸಿರು ಬಟನ್ ಒತ್ತಬೇಕು. ಒತ್ತದಿದ್ದರೆ ಸೆಕ್ಯುರಿಟಿಯವನು ಸಾಕ್ಷಾತ್ ನಮ್ಮಪ್ಪ ಬಂದರೂ ಬಿಡುವುದಿಲ್ಲ. ಅದು ಸಾಲದು ಅಂತ ಸಿಲಿಂಡರಿಗೆ ಓಟಿಪಿ ಬೇರೆ.

ಹೆಬ್ಬೆರಳು ಇಟ್ಟೆ. ಗುರ್ರ್. ಬೆರಳು ಸ್ಕ್ರೀನಿಗೆ ಅಂಟಿಕೊಂಡಿತು. ಕಿತ್ತರೆ ಸ್ಕ್ರೀನ್ ಮೇಲೆ ಬಿಳಿ ದಾರ. ಕಿರುಬೆರಳು ಸ್ವಲ್ಪ ಚೊಕ್ಕ ಇತ್ತು, ಆದರೆ ಕಿರುಬೆರಳಿನ ಗುರುತನ್ನು ಯಾರು ಕೊಟ್ಟಿರುತ್ತಾರೆ ಹೇಳಿ? ಮುಖ ತೋರಿಸಿದೆ. ಅಷ್ಟು ಹೊತ್ತಿಗೆ ಕೆನ್ನೆ ತುರಿಸಿ, ಕೂದಲು ಹಿಂದಕ್ಕೆ ತಳ್ಳಿ, ಮುಖದ ಮೇಲೆಲ್ಲ ಸೊನೆಯ ಪಟ್ಟೆ. ಫೋನ್ ಒಪ್ಪಲಿಲ್ಲ. ಅದನ್ನು ಬೈಯುವ ಹಾಗೂ ಇಲ್ಲ, ಕನ್ನಡಿ ನೋಡಿದ್ದರೆ ನಾನೂ ಒಪ್ಪುತ್ತಿರಲಿಲ್ಲ.

ಉಳಿದಿದ್ದು ಪಿನ್ ನಂಬರ್. ಒತ್ತುವುದಕ್ಕೆ ಉಳಿದಿದ್ದು ಮೂಗು.

ಮೂಗಿನಿಂದ ಫೋನ್ ಒತ್ತಿದ್ದೀರಾ? ಒತ್ತುವಾಗ ಸ್ಕ್ರೀನ್ ಕಣ್ಣಿಗೆ ಕಾಣುವುದೇ ಇಲ್ಲ. ಅಂದಾಜಿನ ಮೇಲೆ ಇಳಿಯಬೇಕು. ಫೋನನ್ನು ನೆಲದ ಮೇಲಿಟ್ಟು, ಕೈ ಎರಡನ್ನೂ ಹಿಂದಕ್ಕೆ ಚಾಚಿ, ಸಾಷ್ಟಾಂಗಕ್ಕೆ ಬಗ್ಗಿದ ಹಾಗೆ ಬಗ್ಗಿ ಎಂಟು ಒತ್ತಿದರೆ ಐದು ಬೀಳುತ್ತಿತ್ತು. ಐದು ಒತ್ತಿದರೆ ಐದೂ ಎಂಟೂ ಜೊತೆಗೇ ಬೀಳುತ್ತಿದ್ದವು. ನಮ್ಮ ವಂಶದ ಮೂಗು ಸ್ವಲ್ಪ ಅಗಲ. ನಡುವೆ ಗೇಟಿನ ಆ್ಯಪ್ ಬಡಿದುಕೊಳ್ಳುತ್ತಲೇ ಇತ್ತು. "30 ಸೆಕೆಂಡ್ ಬಿಟ್ಟು ಪ್ರಯತ್ನಿಸಿ" ಅಂದಿತು ಫೋನ್. ಬಿಟ್ಟೆ. ಆ 30 ಸೆಕೆಂಡಿನಲ್ಲಿ ಮಗ ರೂಮಿನಿಂದ ಹೊರಬಂದು, ನನ್ನನ್ನು ನೋಡಿ, ಒಂದೂ ಮಾತಾಡದೆ ಮತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಹದಿನಾರು ವರ್ಷದ ಮಕ್ಕಳಿಂದ ಇನ್ನೇನು ಸಹಾಯ ನಿರೀಕ್ಷಿಸಬಹುದು, ಅಲ್ವಾ?

ಕೊನೆಗೆ ಕೆಳಗೆ ಓಡಿದೆ. ಲಿಫ್ಟ್ ಬಂತು. ಅದರೊಳಗೆ ಆರನೇ ಮಹಡಿ ಅಂಕಲ್ ಇದ್ದರು.

"ಏನಮ್ಮಾ ಕೈ ಹೀಗೆ?"

"ಕೌಳಿಕಾಯಿ ಅಂಕಲ್. ಸ್ವಲ್ಪ ಗ್ರೌಂಡ್ ಫ್ಲೋರ್ ಒತ್ತಿ."

ಒತ್ತಲಿಲ್ಲ. ಕನ್ನಡಕ ಮೇಲೆತ್ತಿದರು. "ಅದು ಯಾವುದಕ್ಕೆ ಒಳ್ಳೇದು?"

ನನಗೆ ಮೈ ಉರಿಯುವುದು ಇದಕ್ಕೇ. ಈ ಅಂಕಲ್‌ಗೆ ಯಾವುದೂ ತಿನ್ನುವ ವಸ್ತು ಅಲ್ಲ, ಎಲ್ಲಾ ಔಷಧಿ. ನೇರಳೆ ಹಣ್ಣು ಶುಗರ್‌ಗೆ, ಬೆಂಡೆಕಾಯಿ ಮಂಡಿಗೆ, ನುಗ್ಗೆಸೊಪ್ಪು ಇಡೀ ದೇಹಕ್ಕೆ. ಮಾವಿನಹಣ್ಣು ಕೊಟ್ಟಾಗಲೂ "ಇದರಲ್ಲಿ ಫೈಬರ್ ಜಾಸ್ತಿ" ಅನ್ನುತ್ತಾ ಚೀಪಿದವರು.

"ಬೇಲಿಗೆ ಒಳ್ಳೇದು ಅಂಕಲ್. ಕವಲು ಮುಳ್ಳು, ಒಂದೊಂದು ಬೆರಳುದ್ದ. ಸಾಲಾಗಿ ನೆಟ್ಟರೆ ದನ ನುಗ್ಗಲ್ಲ."

"ಅಲ್ಲಮ್ಮಾ, ದೇಹಕ್ಕೆ?"

"ನುಗ್ಗಿದರೆ ದೇಹಕ್ಕೆ ಒಳ್ಳೇದಲ್ಲ."

ಅಷ್ಟರಲ್ಲಿ ಅವರ ಫೋನ್ ಹೊರಬಂದಿತ್ತು. ಅವರ ಬೆರಳನ್ನು ಅದು ಒಂದೇ ಏಟಿಗೆ ಗುರುತು ಹಿಡಿಯಿತು, ನೋಡಿ ಹೊಟ್ಟೆ ಉರಿಯಿತು. ಲಿಫ್ಟ್ ಬಾಗಿಲು ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡುತ್ತಿರುವಾಗ ಅವರು ಓದುತ್ತಾ ಹೋದರು. ಕ್ಯಾರಿಸ್ಸಾ ಕರಂಡಾಸ್. ಲಿನೇಯಸ್ ಹೆಸರಿಟ್ಟಿದ್ದು 1767ರಲ್ಲಿ. ನಿತ್ಯಹಸಿರು ಪೊದೆ. ವಿಟಮಿನ್ ಸಿ ಇದೆ, ಕಬ್ಬಿಣದ ಅಂಶ ಇದೆ. ಮುಖ ಅರಳಿತು. ಮುಂದಿನ ಸಾಲಿಗೆ ಬಾಡಿತು. "ಏನಮ್ಮಾ, ಕಣಗಿಲೆ ಜಾತಿ ಅಂತೆ! ಕಣಗಿಲೆ ವಿಷ ಅಲ್ವಾ?"

ಕುಟುಂಬ ಒಂದೇ, ನಿಜ. ಕಣಗಿಲೆ, ನಂದಿಬಟ್ಟಲು, ಕೌಳಿ ಎಲ್ಲ ಒಂದೇ ಮನೆಯವು, ಮುರಿದರೆ ಹಾಲು ಬರುವಂಥವು. ಆದರೆ ಒಂದು ಮನೆಯಲ್ಲಿ ಎಲ್ಲರೂ ಒಂದೇ ಥರ ಇರುತ್ತಾರಾ? ಅಂಕಲ್ ಮನೆಯನ್ನೇ ಉದಾಹರಣೆ ಕೊಡೋಣ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಬದಲಿಗೆ "ನೀವು ಇದನ್ನ ಬೇಕಾದಷ್ಟು ಸಲ ತಿಂದಿದ್ದೀರಿ, ಏನೂ ಆಗಿಲ್ಲ" ಅಂದೆ.

"ನಾನಾ? ಯಾವಾಗ?"

"ಕೇಕ್ ಮೇಲಿನ ಚೆರ್ರಿ."

ನಂಬಲಿಲ್ಲ. ಯಾರೂ ನಂಬುವುದಿಲ್ಲ. ನಮ್ಮ ಬೇಕರಿಗಳಲ್ಲಿ ಕೇಕಿನ ನೆತ್ತಿಯ ಮೇಲೆ, ಐಸ್‌ಕ್ರೀಮಿನ ಮೇಲೆ, ಸ್ವೀಟ್ ಪಾನಿನ ಮೇಲೆ ಕಡ್ಡಿ ಚುಚ್ಚಿಕೊಂಡು ಕೂರುವ ಆ ಕೆಂಪು ಚೆರ್ರಿ ಬಹಳ ಸಲ ಕೌಳಿಕಾಯಿಯೇ. ಉತ್ತರ ಭಾರತದಲ್ಲಿ ಇದನ್ನು ಕರೌಂದಾ ಅಂತ ತೋಟದಲ್ಲೇ ಬೆಳೆಯುತ್ತಾರೆ. ಕಾಯಿಯನ್ನು ಉಪ್ಪುನೀರಲ್ಲಿಟ್ಟು, ಇದ್ದ ಬಣ್ಣ ತೆಗೆದು, ಬೀಜ ತೆಗೆದು, ಸಕ್ಕರೆ ಪಾಕ ಕುಡಿಸಿ, ಕೆಂಪು ಬಣ್ಣ ಹಾಕಿದರೆ ಚೆರ್ರಿ ರೆಡಿ. ಹುಳಿ ಹೋಯಿತು, ಒಗರು ಹೋಯಿತು, ಸೊನೆ ಹೋಯಿತು, ಮುಳ್ಳಿನ ನೆನಪೂ ಹೋಯಿತು. ಬೆಂಗಳೂರಿಗೆ ಬಂದು ಮರ್ಯಾದಸ್ಥನಾಗುವುದು ಅಂದರೆ ಇದೇ ಇರಬೇಕು.

"ಹಾಗಾದ್ರೆ ಟೂಟಿ ಫ್ರೂಟಿ?" ಅಂದರು ಸಣ್ಣ ದನಿಯಲ್ಲಿ.

"ಪರಂಗಿಕಾಯಿ."

ಅಂಕಲ್ ಲಿಫ್ಟಿನ ಕಂಬಿ ಹಿಡಿದುಕೊಂಡರು. ನಾನು ಮೊಣಕೈಯಿಂದ ಗ್ರೌಂಡ್ ಫ್ಲೋರ್ ಒತ್ತಿದೆ. ಗೇಟಿಗೆ ಹೋಗುವಷ್ಟರಲ್ಲಿ ಗ್ಯಾಸಿನವನು ಹೊರಟುಹೋಗಿದ್ದ.

ವಾಪಸ್ ಬಂದು ಸಿಟ್ಟಿನಲ್ಲೇ ಉಳಿದರ್ಧ ಹೆಚ್ಚಿದೆ. ಪ್ರತಿ ಕಾಯಿಗೂ ದೊಡ್ಡಮ್ಮನಿಗೆ ಒಂದೊಂದು ಮಾತು. ಹೀಗೆ ಬೈಯುತ್ತಾ ಹೆಚ್ಚಿದರೆ ಕೈ ಚುರುಕಾಗಿ ಓಡುತ್ತದೆ, ಇದು ಅನುಭವದ ಮಾತು.

ಚೀಲದ ತಳದಲ್ಲಿ ಬಾಳೆಲೆಯ ಪೊಟ್ಟಣ ಒಂದಿತ್ತು. ಬಿಚ್ಚಿದರೆ ಹಣ್ಣು, ಕಪ್ಪಗೆ, ಬಾಡಿದ ಎಲೆಯ ವಾಸನೆ ಹತ್ತಿಕೊಂಡು. ಒಂದೆರಡು ಒಡೆದು ಎಲೆಯೆಲ್ಲ ನೇರಳೆ. ರಜೆಯಲ್ಲಿ ಮನೆ ಹಿಂದಿನ ಬ್ಯಾಣಕ್ಕೆ, ಅಂದರೆ ಹುಲ್ಲುಗಾವಲಿಗೆ, ನುಗ್ಗಿದರೆ ನಾವು ಮಧ್ಯಾಹ್ನ ಊಟಕ್ಕೆ ಬರುತ್ತಿರಲಿಲ್ಲ. ಬೇಸಿಗೆಯಲ್ಲಿ ಹುಲ್ಲೆಲ್ಲ ಒಣಗಿ ಕಡ್ಡಿಯಾದಾಗಲೂ ಕೌಳಿ ಮಟ್ಟಿ ಮಾತ್ರ ಎಣ್ಣೆ ಹಚ್ಚಿದಂತೆ ಹಸಿರು. ಲಂಗ ಹರಿದುಕೊಂಡು, ತುಟಿಗೆ ತುಟಿ ಅಂಟಿಸಿಕೊಂಡು ಬರುತ್ತಿದ್ದೆವು. ಆಫೀಸಿನಲ್ಲಿರುವ ಬೆಳಗಾವಿಯ ಗೆಳತಿ ಹೇಳುತ್ತಾಳೆ, ಅವರ ಕಡೆ ಮರಾಠಿ ಮಕ್ಕಳು ಕಚ್ಚುವ ಮೊದಲು ಹುಂಜವೋ ಹೇಂಟೆಯೋ ಅಂತ ಪಂಥ ಕಟ್ಟುತ್ತಾರಂತೆ. ಒಳಗೆ ಕೆಂಪಿದ್ದರೆ ಹುಂಜ. ನಮಗೆ ಅಷ್ಟೆಲ್ಲ ತಾಳ್ಮೆ ಎಲ್ಲಿತ್ತು, ಕೀಳುವುದು, ನುಂಗುವುದು. ಯಾವುದಕ್ಕೆ ಒಳ್ಳೇದು ಅಂತ ಒಬ್ಬರೂ ಕೇಳಲಿಲ್ಲ.

ಆ ಬ್ಯಾಣದ ಅರ್ಧ ಈಗ ಅಕೇಶಿಯಾ, ಇನ್ನರ್ಧ ಅಡಿಕೆ. ಜೆಸಿಬಿ ಒಂದು ದಿನ ಬಂದು ಹೋದರೆ ಮಟ್ಟಿಯೂ ಇಲ್ಲ, ಬೇಲಿಯೂ ಇಲ್ಲ, ತಂತಿ ಕಂಬ ಇರುತ್ತವೆ. "ಕೌಳಿ ಬೇಕು ಅಂದ್ರೆ ಈಗ ಕೆರೆ ಆಚೆ ಗುಡ್ಡಕ್ಕೇ ಹೋಗ್ಬೇಕು" ಅಂದ ತಮ್ಮ. ದೊಡ್ಡಮ್ಮನ ಮಂಡಿಗೆ ನಮ್ಮ ಮನೆಯ ಮೂರು ಮೆಟ್ಟಿಲೇ ಭಾರ. ಆದರೂ ಹೋಗುತ್ತಾಳೆ ಅಂತಾಯಿತು. ಇದನ್ನು ಅವಳು ಫೋನಿನಲ್ಲಿ ಹೇಳುವುದಿಲ್ಲ. ಸೊನೆಗೆ ಎಣ್ಣೆ ಹಚ್ಚಿಕೊಂಡೆಯಾ ಅಂತ ಮಾತ್ರ ಕೇಳುತ್ತಾಳೆ. ಹಾಗಂತ ಹೇಳದೆ ಕೇಳದೆ ಅರ್ಧ ಚೀಲ ಕಳಿಸಿದ್ದನ್ನು ನಾನು ಕ್ಷಮಿಸಿಲ್ಲ.

ಉಪ್ಪು, ಮೆಣಸಿನ ಪುಡಿ, ಸಾಸಿವೆ, ಇಂಗು. ಭರಣಿ ತುಂಬಿತು, ಮಿಕ್ಕಿದ್ದು ಬಾಟಲಿಗಳಿಗೆ. ಅಂಕಲ್ ಈ ನಡುವೆ ಸುಮ್ಮನಿರಲಿಲ್ಲ. ಪಂತನಗರದ ಕೃಷಿ ವಿಶ್ವವಿದ್ಯಾಲಯದ ಪಂತ್ ಮನೋಹರ್ ತಳಿ ಒಳ್ಳೆಯದೋ, ದಾಪೋಲಿಯ ಕೊಂಕಣ್ ಬೋಲ್ಡ್ ಒಳ್ಳೆಯದೋ ಅಂತ ನನಗೆ ಮೆಸೇಜ್ ಹಾಕಿದ್ದರು. ಆರನೇ ಮಹಡಿ ಬಾಲ್ಕನಿ ಕುಂಡದಲ್ಲಿ ಬೆಳೆಯುತ್ತಾರಂತೆ. ಅಷ್ಟು ಎತ್ತರಕ್ಕೆ ಯಾವ ದನ ಬರುತ್ತದೋ. ಪೆಕ್ಟಿನ್ ಜಾಸ್ತಿ ಇರುವುದರಿಂದ ಜೆಲ್ಲಿ ಚೆನ್ನಾಗಿ ಗಟ್ಟಿಯಾಗುತ್ತದಂತೆ, ಮರದಿಂದ ಬಾಚಣಿಗೆ ಮಾಡುತ್ತಾರಂತೆ, ಅದನ್ನೂ ತಿಳಿದುಕೊಂಡಿದ್ದರು. ಬಾಚಣಿಗೆ ಅವರಿಗೆ ಯಾಕೆ ಬೇಕು ಅಂತ ನಾನು ಕೇಳಲಿಲ್ಲ. ತಲೆ ನೋಡಿದರೆ ಗೊತ್ತಾಗುತ್ತದೆ.

ಬಾಯಿ ಮುಚ್ಚಿಸಲು ಒಂದು ಬಾಟಲಿ ಉಪ್ಪಿನಕಾಯಿ ತೆಗೆದುಕೊಂಡು ಹೋಗಿ ಕೊಟ್ಟೆ. ಬೆಳಕಿಗೆ ಹಿಡಿದರು. ಸುತ್ತ ತಿರುಗಿಸಿ ಲೇಬಲ್ ಹುಡುಕಿದರು. ಮುಚ್ಚಳ ತೆಗೆದು ಮೂಸಿದಾಗ ಒಂದು ಕ್ಷಣ ಅವರ ಬಾಯಲ್ಲಿ ನೀರೂರಿದ್ದು ಗಂಟಲಲ್ಲಿ ಕಂಡಿತು. ಕೂಡಲೇ ಸಾವರಿಸಿಕೊಂಡರು.

"ದಿನಕ್ಕೆ ಎಷ್ಟಮ್ಮಾ?"

"ಎರಡು."

"ಊಟಕ್ಕೆ ಮುಂಚೆಯೋ, ಆಮೇಲೋ?"

"ಊಟದ ಜೊತೆ ಅಂಕಲ್. ಮೊಸರನ್ನ ಇದ್ದರೆ ಡೋಸ್ ಜಾಸ್ತಿ ಮಾಡಬಹುದು."