ಥಾಮಸ್ ಯಾಕೆ ಕುಣೀತಿದ್ದಾನೆ?

ಮಳೆ ರಜೆ. ಮಂಗಳೂರು ಜೆಪ್ಪುವಿನ ನಮ್ಮ ಮನೆಯಲ್ಲಿ ಅಕ್ಕನ ಮಗ ಟಿವಿ ಮುಂದೆ. ‘ಥಾಮಸ್ ಬಂದ’ ಅಂತ ಕೂಗಿದ. ಥಾಮಸ್ ಅಂದರೆ ಮಕ್ಕಳ ಟಿವಿ ಸರಣಿಯ ಮುಖವಿರುವ ರೈಲು ಎಂಜಿನ್. ನಾನೂ ಚಹಾ ಹಿಡಿದು ಓಡಿದೆ. ನೋಡಿದರೆ ಆ ರೈಲು ರಬ್ಬರ್ ಚೆಂಡಿನ ಹಾಗೆ ಪುಟಿಯುತ್ತಿದೆ!

ನಾನು ಕಂಡ ಥಾಮಸ್ ಬೇರೆ. ದುಬೈ ಮಾವ ತಂದ ಸಿಡಿಯಲ್ಲಿದ್ದವನು. 1984ರಲ್ಲಿ ಬ್ರಿಟನ್‌ನಲ್ಲಿ ಶುರುವಾದ ಸರಣಿ ಅದು. ನಿಜವಾದ ಪುಟ್ಟ ಮಾದರಿ ರೈಲುಗಳು, ಪುಟ್ಟ ಸ್ಟೇಷನ್ನು, ನಿಜವಾದ ಹೊಗೆ. ಬಾಯಿ ಅಲ್ಲಾಡುತ್ತಿರಲಿಲ್ಲ, ಕಣ್ಣುಗುಡ್ಡೆ ಮಾತ್ರ ಆಚೆ ಈಚೆ. ಒಬ್ಬನೇ ನಿರೂಪಕ ಅಜ್ಜನ ಹಾಗೆ ನಿಧಾನಕ್ಕೆ ಕತೆ ಹೇಳುತ್ತಿದ್ದ. ಕೆಳಗೆ ಬಿದ್ದರೆ ‘ಟಣ್’ ಅನ್ನುವಷ್ಟು ಭಾರ ಇತ್ತು ಆ ರೈಲುಗಳಿಗೆ.

2009ರ ಹೊತ್ತಿಗೆ ಎಲ್ಲ ಕಂಪ್ಯೂಟರ್ ಚಿತ್ರ. ಹೋಗಲಿ, ಸಹಿಸಿದೆ. 2021ರಲ್ಲಿ ಅದೂ ಹೋಗಿ ಚಪ್ಪಟೆ ಕಾರ್ಟೂನು. ಈಗ ಗಾಲಿ ಹಳಿ ಬಿಟ್ಟು ಹಾರುತ್ತದೆ! ನಮ್ಮ ಸೆಂಟ್ರಲ್ ಸ್ಟೇಷನ್‌ನಲ್ಲಿ ಹಾಗೆ ಹಾರಿದರೆ ಮರುದಿನ ಪೇಪರ್‌ನಲ್ಲಿ ಬರುತ್ತೆ, ಅಲ್ವಾ?

‘ಹಳೇದು ಹಾಕ್ತೇನೆ ಮಾರಾಯ’ ಅಂದೆ. ಹಾಕಿದೆ. ಎರಡು ನಿಮಿಷ ನೋಡಿದ. ‘ಇದು ಹ್ಯಾಂಗ್ ಆಗಿದೆ, ಬಾಯೇ ತೆರೀತಿಲ್ಲ’ ಅಂದು ರಿಮೋಟ್ ಕಿತ್ತುಕೊಂಡ.