ಸಹಿ ಬಿದ್ದ ಮೇಲೆ ಗೊತ್ತಾದರೆ ಏನು ಬಂತು?

ವ್ಯಾಪಾರ ಒಪ್ಪಂದ ಸರ್ಕಾರದ ಕೆಲಸ, ಸಂಸತ್ತು ತಲೆಹಾಕಿದರೆ ಸುಮ್ನೆ ತಡ ಅಂತ ಬರೆದಿದ್ದೀರಿ. ನಾನು ಶಿರಸಿ ಕಡೆಯವನು, ಒಪ್ಪಲಾರೆ. ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸೇ ನಮ್ಮ ಕೈಖರ್ಚಿನ ದುಡ್ಡು. ಶ್ರೀಲಂಕಾ ಜೊತೆಗಿನ ಒಪ್ಪಂದ 2000ದಲ್ಲಿ ಜಾರಿಯಾಯಿತು, ಆಗ್ನೇಯ ಏಷ್ಯಾ ದೇಶಗಳ ಕೂಟ ಆಸಿಯಾನ್ ಜೊತೆಗಿನದು 2010ರಲ್ಲಿ. ಎರಡಕ್ಕೂ ಸಂಸತ್ತಿನ ಒಪ್ಪಿಗೆ ಬೇಕಿರಲಿಲ್ಲ. ಸಂವಿಧಾನದ 253ನೇ ವಿಧಿ ಒಪ್ಪಂದ ಜಾರಿಗೆ ಕಾನೂನು ಮಾಡುವ ಅಧಿಕಾರವನ್ನು ಸಂಸತ್ತಿಗೆ ಕೊಡುತ್ತದೆ, ಸರಿ. ಆದರೆ ಸುಂಕ ಇಳಿಸಲು ಸರ್ಕಾರದ ಒಂದು ಅಧಿಸೂಚನೆ ಸಾಕು!

ಹಾಗೆ ಸುಂಕ ಇಳಿದು ಹೊರಗಿನ ಮೆಣಸು ಬಂದು ದರ ಬಿದ್ದಾಗ, ಅಂಗಳದಲ್ಲಿ ಒಣಗಿಸಿದ್ದನ್ನು ಚೀಲ ಕಟ್ಟಿ ಮತ್ತೆ ಅಟ್ಟಕ್ಕೆ ಏರಿಸಿದೆವು. ವಖಾರಿಗೆ ಒಯ್ಯಲು ಮನಸ್ಸೇ ಬರಲಿಲ್ಲ. ಕೊನೆಗೆ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಬಂತು, ಅಂದರೆ ಅದಕ್ಕಿಂತ ಅಗ್ಗದ ಮೆಣಸು ತರಿಸುವಂತಿಲ್ಲ ಅಂತ. ಮೊದಲೇ ಸದನದಲ್ಲಿ ಚರ್ಚೆಯಾಗಿದ್ದರೆ ನಮ್ಮ ಸಂಸದರು ಮೆಣಸಿನ ಗತಿ ಏನು ಅಂತ ಕೇಳಬಹುದಿತ್ತು, ಅಲ್ವಾ? (ಕೇಳುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು.)

ಬ್ರಿಟನ್ನಿನಲ್ಲಿ ಒಪ್ಪಂದವನ್ನು ಅಂತಿಮಗೊಳಿಸುವ ಮೊದಲು ಸಾಮಾನ್ಯವಾಗಿ 21 ಕಲಾಪದ ದಿನ ಸಂಸತ್ತಿನ ಮುಂದಿಡಬೇಕು. ಯುರೋಪಿಯನ್ ಸಂಸತ್ತಂತೂ 2012ರಲ್ಲಿ ಸಹಿಯಾಗಿದ್ದ ಆಕ್ಟಾ (ನಕಲಿ ಸರಕು ತಡೆಯುವ) ಒಪ್ಪಂದವನ್ನೇ ತಳ್ಳಿಹಾಕಿತು. ನಮ್ಮಲ್ಲಿ ಸುಂಕದ ಪಟ್ಟಿಯನ್ನು ಸಹಿಗೆ ಮೊದಲು ಸದನಕ್ಕೆ ತೋರಿಸಲು ಏನು ಅಡ್ಡಿ?