ಸ್ಲೈಡ್ ಕೆಳಗಿನ ಸಣ್ಣಕ್ಷರ

ಹೊಸದಾಗಿ ಸೇರಿದೋರಿಗೆ ಟ್ರೈನಿಂಗ್ ಕೊಡೋ ಕೆಲಸ ನನ್ ತಲೆಗೆ ಬಿದ್ದಿತ್ತು. ಹಳೇ ಪಿಪಿಟಿ ಒಂದಿತ್ತು, ಅದರಲ್ಲಿ "ಸಂವಹನದಲ್ಲಿ ಪದಗಳ ಪಾಲು ಬರೀ 7%, ದನಿ 38%, ಮುಖಭಾವ 55%" ಅಂತ ಬಣ್ಣಬಣ್ಣದ ಪೈ ಚಾರ್ಟು, ಕೆಳಗೆ ಸಣ್ಣಕ್ಷರದಲ್ಲಿ 'ಮೆಹ್ರೇಬಿಯನ್, 1967' ಅಂತ ಆ ಲೆಕ್ಕ ಕೊಟ್ಟ ಮನಶ್ಶಾಸ್ತ್ರಜ್ಞರ ಹೆಸರು. ಇಸವಿ ಸಮೇತ ಇದೆಯಲ್ಲ ಇನ್ನೇನ್ ಬೇಕು ಅಂತ ಟೆಂಪ್ಲೇಟ್ ಬದಲಾಯಿಸಿ ನನ್ ಹೆಸರು ಹಾಕ್ಕೊಂಡು ನಿಂತ್ಕೊಂಡೆ.

ಹಿಂದಿನ ಸಾಲಲ್ಲಿದ್ದ ಹುಡುಗಿ ಕೈಯೆತ್ತಿ, "ಹಾಗಾದ್ರೆ ನಮ್ ಇಮೇಲ್‌ಗಳೆಲ್ಲ 7% ಮಾತ್ರ ಅರ್ಥ ಆಗತ್ತಾ ಮೇಡಂ?" ಅಂದ್ಳು. ಎಲ್ಲ ನಕ್ಕರು. ನಾನು "ರಿಸರ್ಚ್ ಇದೆಯಮ್ಮ" ಅಂತ ಬಾಯ್ಮುಚ್ಚಿಸ್ದೆ.

ರಾತ್ರಿ ನಿದ್ದೆ ಬರ್ಲಿಲ್ಲ, ಕೂತು ಹುಡುಕ್ದೆ. ಒಂದು ಪ್ರಯೋಗದಲ್ಲಿ ಒಂಬತ್ತು ಬಿಡಿ ಪದಗಳನ್ನ ಬೇರೆಬೇರೆ ದನೀಲಿ ಕೇಳ್ಸಿದಾರೆ, ಇನ್ನೊಂದರಲ್ಲಿ "ಇರಬಹುದು" ಅನ್ನೋ ಅರ್ಥದ ಒಂದೇ ಒಂದು ಇಂಗ್ಲಿಷ್ ಪದ, ಜೊತೆಗೆ ಮುಖಗಳ ಫೋಟೋ, ಈ ವ್ಯಕ್ತಿಗೆ ಎದುರಿನವರು ಇಷ್ಟಾನಾ ಇಲ್ವಾ ಹೇಳಿ ಅಂತ, ಎರಡನ್ನೂ ಸೇರ್ಸಿ ಬಂದ ಲೆಕ್ಕ ಇದು. ಭಾವನೆ, ಇಷ್ಟಾನಿಷ್ಟದ ಮಾತಿಗೆ ಮಾತ್ರ ಇದು ಅನ್ವಯ ಅಂತ ಮೆಹ್ರೇಬಿಯನ್ನೇ ಸ್ಪಷ್ಟವಾಗಿ ಹೇಳಿದಾರೆ. ನಾನು ಬಜೆಟ್ ಮೀಟಿಂಗಿಗೂ ಅಂಟಿಸಿಬಿಟ್ಟಿದ್ದೆ!

2023ರಲ್ಲಿ ನ್ಯೂಯಾರ್ಕಲ್ಲಿ ಇಬ್ರು ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ, ಇಲ್ಲದೇ ಇರೋ ಕೇಸುಗಳನ್ನ ಕೋರ್ಟಿಗೆ ಕೊಟ್ಟು, ಅವರಿಗೂ ಅವರ ಸಂಸ್ಥೆಗೂ ಸೇರ್ಸಿ 5,000 ಡಾಲರ್ ದಂಡ ಬಿತ್ತಲ್ಲ, ಆಗ ನಾನೂ ನಕ್ಕಿದ್ದೆ. ಆದ್ರೆ ಜಡ್ಜ್ ಬರೀ ಆ ತಪ್ಪಿಗಲ್ಲ, ಈ ಕೇಸುಗಳು ಇವೆಯಾ ಅಂತ ಪ್ರಶ್ನೆ ಎದ್ದ ಮೇಲೂ ಅದನ್ನೇ ಹಿಡ್ಕೊಂಡು ಕೂತಿದ್ದಕ್ಕೆ ಗರಂ ಆಗಿದ್ದು. ನಾನ್ ಮಾಡಿದ್ದೂ ಅದೇ ತಾನೇ? ಓದದೇ ಇರೋದನ್ನ ಮೂಲ ಅಂತ ಹಾಕಿದ್ದು ಸೋಮಾರಿತನ ಅಂತಾದ್ರೂ ಇಟ್ಕೊಳ್ಳಿ, ಕೇಳಿದೋಳನ್ನ ರಿಸರ್ಚ್ ಹೆಸರಲ್ಲಿ ಹೆದರಿಸಿದ್ದು ಮಾತ್ರ ಶುದ್ಧ ಮೋಸ. ಅದೂ ಸಂವಹನದ ಕ್ಲಾಸಲ್ಲಿ, ಕರ್ಮ.

ಬೆಳಗ್ಗೆ ಎಲ್ರಿಗೂ ಮೇಲ್ ಹಾಕ್ದೆ, ಸ್ಲೈಡ್ ತಪ್ಪು, ನಾನ್ ಮೂಲ ಓದಿರ್ಲಿಲ್ಲ, ಆಕೆ ಕೇಳಿದ್ದೇ ಸರಿ ಅಂತ. "ಚೆನ್ನಾಗಿತ್ತಲ್ರೀ ಆ ಚಾರ್ಟು, ಯಾಕ್ ತೆಗದ್ರಿ" ಅಂತ ಮ್ಯಾನೇಜರ್ ಬೇಜಾರಾದ್ರು.

ಮೊನ್ನೆ ಇನ್ನೊಂದು ಟೀಮಿನ ಪಿಪಿಟಿ ನೋಡ್ತೀನಿ, ಅದೇ ಪೈ ಚಾರ್ಟು. ಈ ಸಲ ಮೆಹ್ರೇಬಿಯನ್ ಹೆಸರೂ ಹೋಗಿ, ಆ ಜಾಗದಲ್ಲಿ ನನ್ ಹೆಸರಿದೆ.